ಬಾಗಿಗೂ ಹೆಸರು, ಗಾಡಿಗೂ ಹೆಸರು



"ನೀ ಬಿ.ಎ.ದಾಗ ಇತಿಹಾಸ ತಗೊಂಡೀದಿ, ನಮ್ಮ ಸಂಚಿಕೆಗೆ ಏನರ ಬರದು ಕೊಡು" ಎಂದು ಮಂಡಳದ ಅಣ್ಣಂದಿರು ಹೇಳಿ ಎರಡು ತಿಂಗಳಾಯಿತು. ಬಹಮನಿ ಸುಲ್ತಾನರು, ಪೇಶ್ವೆಯರು ಎಂದು ಬರೆಯಲು ಕೂತರೆ ನೀವು ಪುಟ ತಿರುವಿ ಜಾಹೀರಾತು ನೋಡುತ್ತೀರಿ, ನನಗೂ ಗೊತ್ತು. ಅದಕ್ಕೇ ನೀವೆಲ್ಲ ಒಮ್ಮೆಯಾದರೂ ಹೋಗಿ ಕೂತು ಶೇಂಗಾ ತಿಂದಿರುವ ಒಂದು ಜಾಗದ ಬಗ್ಗೆ ಬರೆಯುತ್ತೇನೆ. ಸೊಲ್ಲಾಪುರದ ಭೂಈಕೋಟ ಕಿಲ್ಲೆಯ ಮಗ್ಗುಲಿಗಿರುವ ಹುತಾತ್ಮಾ ಬಾಗ.

ಅದೇ ಹೆಸರಿನ ಒಂದು ಗಾಡಿಯೂ ಇದೆ. ಬೆಳಗಾದ ಕೂಡಲೇ ಸೊಲ್ಲಾಪುರ ಬಿಟ್ಟು ಪುಣೆಗೆ ಹೋಗಿ ರಾತ್ರಿ ತಿರುಗಿ ಬರುತ್ತದಲ್ಲ, ಹುತಾತ್ಮಾ ಎಕ್ಸ್‌ಪ್ರೆಸ್. ನಮ್ಮ ಓಣಿಯ ಎಷ್ಟೋ ಹುಡುಗರು ಪುಣೆಯ ಕೆಲಸಕ್ಕೆ, ಪರೀಕ್ಷೆಗೆ, ಸಂದರ್ಶನಕ್ಕೆ ಹೋದದ್ದು ಅದರಲ್ಲೇ. ಬಾಗಿಗೆ ಒಂದು ಹೆಸರು, ರೈಲಿಗೆ ಅದೇ ಹೆಸರು. ಇದು ಹೇಗೆ ಬಂತು, ಮತ್ತು ಆ ಹೆಸರಿನಲ್ಲಿ ನಾವು ಎಲ್ಲಿದ್ದೇವೆ, ಇಷ್ಟೇ ನನ್ನ ವಿಷಯ.

ಕಾಲೇಜಿಗೆ ನಾನು ಬರುವುದು ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಪ್ಯಾಸೆಂಜರ್ ಹತ್ತಿ. ಸ್ಟೇಷನ್ನಿನ ಹೆಸರಿನ ಹಿಂದೆ 'ರೋಡ್' ಎಂದಿದ್ದರೆ ಏನರ್ಥ ಗೊತ್ತೇನು? ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂದರ್ಥ. ಕುರ್ಡುವಾಡಿಗೂ ಮೊದಲು ಬಾರ್ಶಿ ರೋಡ್ ಎಂದೇ ಹೆಸರಿತ್ತು. ನಾಲ್ಕು ದಾರಿ ಕೂಡುವಲ್ಲಿ ಇಳಿದವನು ಮುಂದೆ ಟಾಂಗಾ ಹಿಡಿಯಬೇಕು, ಇಲ್ಲವೇ ಕಾಲು ಹಿಡಿಯಬೇಕು. ಸೊಲ್ಲಾಪುರದಲ್ಲಿ ಮಾತ್ರ ಆ ತ್ರಾಸಿಲ್ಲ. ಸ್ಟೇಷನ್ನಿನಿಂದ ನಡೆದರೆ ಅರ್ಧ ತಾಸಿನೊಳಗೆ ಪಾರ್ಕ್ ಚೌಕ. ಅಲ್ಲಿ ಬಾಬಾಸಾಹೇಬರ ಪುತ್ಥಳಿ. ಕೈ ಮುಗಿದು ಸ್ವಲ್ಪ ಮುಂದೆ ಹೋದರೆ ಕಿಲ್ಲೆ, ಬಾಗ, ಮತ್ತೆ ಸಿದ್ಧೇಶ್ವರ ಕೆರೆ.

ಕಿಲ್ಲೆಯ ಕಥೆ ಬೇಗ ಮುಗಿಸುತ್ತೇನೆ. ಬಹಮನಿಯವರ ಕಾಲದ್ದು. ಬಿಜಾಪುರದವರೂ ಅಹಮದ್‌ನಗರದವರೂ ಇದಕ್ಕಾಗಿ ತಲೆಮಾರುಗಟ್ಟಲೆ ಬಡಿದಾಡಿದರು. ಆಮೇಲೆ ಮೊಗಲರು, ನಿಜಾಮ, ಮರಾಠರು. ಕೊನೆಗೆ 1818ರಲ್ಲಿ ಇಂಗ್ಲಿಷರು. ಕೆರೆಯ ಕಥೆ ಇದಕ್ಕಿಂತ ಹಳೆಯದು, ನಮ್ಮ ಕನ್ನಡದ್ದು. 12ನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ತೋಡಿಸಿದ. ಸೊಲ್ಲಾಪುರ ಎಂದರೆ ಅದೇ ಸೊನ್ನಲಿಗೆ. ಇಂದಿಗೂ ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ನಂದಿಕೋಲು ಎತ್ತಿಕೊಂಡು ಬರುವ ಮಂದಿಯ ಬಾಯಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ, ತೆಲುಗೂ ಇದೆ. ಕೆರೆ ತೋಡಿಸಿದವನ ಹೆಸರು ಎಂಟುನೂರು ವರ್ಷ ಉಳಿಯಿತು. ಬುಟ್ಟಿ ಹೊತ್ತವರ ಹೆಸರು ಉಳಿಯಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಬಾಗಿನ ಹೆಸರು. 1930ರ ಮೇ 5ಕ್ಕೆ ಗಾಂಧೀಜಿಯವರನ್ನು ಹಿಡಿದರು. ಸುದ್ದಿ ಸೊಲ್ಲಾಪುರಕ್ಕೆ ಬಂದಾಗ ಗಿರಣಿಗಳು ನಿಂತವು, ಮಂದಿ ಬೀದಿಗೆ ಬಂದರು. ಮೇ 8ರಂದು ಸಿಂದಿ ಗಿಡಗಳನ್ನು ಕಡಿಯಲು ಹೋದ ಗುಂಪಿನ ಮೇಲೆ ಗುಂಡು ಹಾರಿತು. ಸಿಟ್ಟಿಗೆದ್ದ ಮಂದಿ ಮಂಗಳವಾರ ಪೇಠೆಯ ಪೊಲೀಸ್ ಚೌಕಿಯ ಮೇಲೆ ಏರಿಹೋದರು, ಪೊಲೀಸರು ಸತ್ತರು. ಮುಂದಿನ ಮೂರು ದಿನ ಊರಿನಲ್ಲಿ ಇಂಗ್ಲಿಷರ ಆಳ್ವಿಕೆ ಇರಲಿಲ್ಲ. ಮೇ 12ರಿಂದ ಜೂನ್ 30ರವರೆಗೆ ಮಾರ್ಷಲ್ ಲಾ. ತಲೆಯ ಮೇಲೆ ಗಾಂಧಿ ಟೊಪ್ಪಿಗೆ ಕಂಡರೂ ಶಿಕ್ಷೆ. ಪೊಲೀಸರ ಕೊಲೆಯ ಮೊಕದ್ದಮೆಯಲ್ಲಿ ನಾಲ್ವರಿಗೆ ಗಲ್ಲಾಯಿತು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. 1931ರ ಜನವರಿ 12, ಯರವಡಾ ಜೈಲು. ನೋಡ್ರಿ, ಊರಲ್ಲಿ ಗಡ್ಡಾ ಯಾತ್ರೆ ಶುರುವಾಗುವ ದಿನಗಳವು.

ಒಬ್ಬ ಲಿಂಗಾಯತ, ಒಬ್ಬ ಮಾರವಾಡಿ, ಒಬ್ಬ ಮರಾಠಾ, ಒಬ್ಬ ಮುಸಲ್ಮಾನ. ಚಿಕ್ಕವನಿದ್ದಾಗ ಈ ನಾಲ್ಕು ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮನೆಗೆ ಬಂದು ಒಪ್ಪಿಸಿದೆ. ಮುತ್ಯಾ ಕೇಳಿಸಿಕೊಂಡು, "ಛಲೋ ಮಂದಿ. ನಮ್ಮ ಕೇರಿದವ್ರು ಯಾರೂ ಇರಲಿಲ್ಲೇನು?" ಎಂದ. ನಾನು ಇಲ್ಲ ಎಂದೆ. "ಇರಲಿ, ನಾವು ಹಳಿ ಮ್ಯಾಲೆ ಇದ್ದಿವಿ" ಎಂದು ಎದ್ದು ಹೋದ. ಅವನು ಗ್ಯಾಂಗ್‌ಮನ್. ಆಗ ನನಗೆ ಅದು ಬರೀ ಮಾತಾಗಿ ಕೇಳಿಸಿತು. ಈಗ ಪುಸ್ತಕ ಓದುತ್ತಾ ಹೋದಂತೆ ಆ ಮಾತಿಗೆ ಎಷ್ಟು ಉದ್ದದ ಹಿನ್ನೆಲೆ ಇದೆ ಎಂದು ತಿಳಿಯುತ್ತಿದೆ. ಆ ನಾಲ್ವರ ಮೇಲೆ ನನಗೆ ಗೌರವವಿದೆ, ಅದರಲ್ಲಿ ಏನೂ ಕಡಿಮೆಯಿಲ್ಲ. ಆದರೆ ಬಾಗಿಗೂ ಗಾಡಿಗೂ ಹೆಸರು ಸಿಕ್ಕಿರುವಾಗ ಹಳಿಗೆ ಯಾಕೆ ಹೆಸರಿಲ್ಲ ಎಂದು ಕೇಳುವುದು ತಪ್ಪಲ್ಲವಷ್ಟೇ.

ಹಳಿ ಇಲ್ಲಿಗೆ ಬಂದದ್ದು ಹೀಗೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿತು. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಗೆ, ನಮ್ಮ ಹಿರಿಯರ ಬಾಯಲ್ಲಿ 'ಜಿ.ಐ.ಪಿ.'ಗೆ, ದಖ್ಖನಿನ ಹತ್ತಿ ಬೇಕಾಗಿತ್ತು. 1858ರಲ್ಲಿ ಖಂಡಾಳೆಯಿಂದ ಪುಣೆ, 1859ರಲ್ಲಿ ಬಾರ್ಶಿ ರೋಡ್, 1860ರಲ್ಲಿ ಸೊಲ್ಲಾಪುರ. ಒಂದು ಮೋಜು ನೋಡಿ: ಸೊಲ್ಲಾಪುರಕ್ಕೆ ಗಾಡಿ ಬಂದಾಗ ನಡುವೆ ಭೋರ್ ಘಾಟಿನಲ್ಲಿ ಹಳಿಯೇ ಇರಲಿಲ್ಲ. ಮುಂಬಯಿಯಿಂದ ಬಂದವರು ಘಾಟಿನ ಕೆಳಗೆ ಇಳಿದು, ಮೇನೆಯಲ್ಲೋ ಕಾಲ್ನಡಿಗೆಯಲ್ಲೋ ಮೇಲೆ ಹತ್ತಿ, ಖಂಡಾಳೆಯಲ್ಲಿ ಇನ್ನೊಂದು ಗಾಡಿ ಹಿಡಿಯಬೇಕಿತ್ತು. ಘಾಟು ಮುಗಿದದ್ದು 1863ರಲ್ಲಿ.

ಆ ಘಾಟಿನ ಬಗ್ಗೆ ಸ್ವಲ್ಪ ನಿಲ್ಲೋಣ. ಸುರಂಗಗಳೇ ಇಪ್ಪತ್ತೈದರ ಆಸುಪಾಸು. ಬಂಡೆಯ ಮೇಲಿನಿಂದ ಹಗ್ಗ ಕಟ್ಟಿ ಮನುಷ್ಯರನ್ನು ಇಳಿಬಿಟ್ಟು, ನೇತಾಡುತ್ತಲೇ ಮದ್ದು ತುಂಬಲು ತೂತು ಕೊರೆಸುತ್ತಿದ್ದರು. ಕೆಲಸದ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಂಡಿಯಾಕ್ಕೆ ಬಂದ ಕೆಲವೇ ದಿನಗಳಲ್ಲಿ ಸತ್ತ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಎಂಜಿನಿಯರುಗಳ ಕೈಯಿಂದ ಮುಗಿಸಿದಳು. ಈ ಗಂಡ ಹೆಂಡತಿಯ ಹೆಸರು ರೈಲಿನ ಇತಿಹಾಸದ ಪುಸ್ತಕಗಳಲ್ಲೆಲ್ಲ ಇದೆ. 1861ರ ಜನವರಿಯಲ್ಲಿ ಆ ಘಾಟಿನಲ್ಲಿ ದುಡಿಯುತ್ತಿದ್ದವರು 42,000ಕ್ಕೂ ಹೆಚ್ಚು. ಕಾಲರಾ, ಜ್ವರ, ಸಿಡಿಮದ್ದು, ಜಾರುವ ಬಂಡೆ, ಹೀಗೆ ಸತ್ತವರ ಲೆಕ್ಕ ಸಾವಿರಗಳಲ್ಲಿದೆ. ಗುತ್ತಿಗೆದಾರರು ಪುಸ್ತಕದಲ್ಲಿ ಹೆಸರಾಗಿ ಉಳಿದರು, ಕೂಲಿಯವರು ಅಂಕಿಯಾಗಿ ಉಳಿದರು.

ಸೊಲ್ಲಾಪುರದಿಂದ ಹಳಿ ನಮ್ಮ ಕಡೆಗೆ ಹೊರಟಿತು. ಹೋಟಗಿ, ತಿಲಾಟಿ, ಅಕ್ಕಲಕೋಟ ರೋಡ್, ನಾಗಣಸೂರ, ದುಧನಿ, ಕಲಬುರಗಿ. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಗೆ ಕೂಡಿತು. ಹತ್ತಿ ಹೊರಗೆ ಹೋಗಲು ದಾರಿಯಾದ ಮೇಲೆ ಹತ್ತಿ ನೂಲುವ ಗಿರಣಿಯೂ ಬಂತು. 1870ರ ದಶಕದಲ್ಲಿ ಸೊಲ್ಲಾಪುರದ ಮೊದಲ ಗಿರಣಿ, ಈಗಿನವರು 'ಜುನೀ ಮಿಲ್' ಎನ್ನುವುದು. ಆ ಹೊತ್ತಿಗೇ ಧಾತು ಸಂವತ್ಸರದ ಬರ, 1876ರಿಂದ 78. ನಮ್ಮ ಆಯಿಯ ಶಾಪದ ಮಾತುಗಳಲ್ಲಿ ಇನ್ನೂ ಆ ಬರ ಜೀವಂತವಾಗಿದೆ. ಮುಂದೆ ಬರ ಬಿದ್ದರೆ ಕಾಳು ಸಾಗಿಸಲು ಆಗಲಿ ಎಂದು ಸದರ್ನ್ ಮರಾಠಾ ಕಂಪನಿ ಸಣ್ಣ ಹಳಿ ಹಾಕಿತು. ಹೋಟಗಿಯಿಂದ ಬಿಜಾಪುರ, ಬಾಗಲಕೋಟೆ ದಾಟಿ ಗದಗಕ್ಕೆ, 1884. ಗದಗಿನ ಮಂದಿ, ಬಿಜಾಪುರದ ಮಂದಿ ಹೋಟಗಿಯಲ್ಲಿ ಗಂಟು ಮೂಟೆ ಇಳಿಸಿ ದೊಡ್ಡ ಗಾಡಿಗೆ ಏರುತ್ತಿದ್ದ ಕಾಲ ನಮ್ಮ ಅಪ್ಪನಿಗೂ ನೆನಪಿದೆ.

ಈಗ ನಮ್ಮವರ ವಿಷಯ. ಊರಲ್ಲಿ ನಮ್ಮ ಹಿರಿಯರಿಗೆ ಏನಿತ್ತು? ಬಲುತೆ. ಸತ್ತ ದನ ಎಳಿ, ಸುದ್ದಿ ಮುಟ್ಟಿಸು, ಊರ ಕಾಯಿ, ಸಂಜೆಗೆ ಮನೆಮನೆಗೆ ಹೋಗಿ ದೂರ ನಿಂತು ರೊಟ್ಟಿ ಕೇಳು. ಜಿ.ಐ.ಪಿ. ಬಂದಾಗ ಮೊದಲ ಬಾರಿಗೆ ತಿಂಗಳ ಪಗಾರ ಬಂತು. ರೊಕ್ಕ ಕೈಗೆ ಹಾಕಿದರು, ಮೇಲಿನಿಂದ ಎಸೆಯಲಿಲ್ಲ. ಪಗಾರ ಕಡಿಮೆ, ಕೆಲಸ ಕತ್ತೆಯದು, ಆದರೆ ಗೌಡನ ಮನೆಯ ಬಾಗಿಲಿಗೆ ನಿಲ್ಲುವ ಗರಜಿಲ್ಲ. ಒಂದು ತಲೆಮಾರಿನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

ನನ್ನ ಮುತ್ಯಾನ ಅಪ್ಪನೂ ಗ್ಯಾಂಗಿನವನೇ, ಜಿ.ಐ.ಪಿ. ಕಾಲದವ. ಅವನದೊಂದು ಮಾತು ನಮ್ಮ ಮನೆಯಲ್ಲಿ ಉಳಿದಿದೆ. ಒಂದು ಸಣ್ಣ ಸ್ಟೇಷನ್, ಹೆಸರು ಬ್ಯಾಡ. ಅಲ್ಲಿ ಮಾಸ್ತರರಿಗೆ ಹೂವಿನ ಹುಚ್ಚು. ಸಾಹೇಬ ತಪಾಸಣೆಗೆ ಬಂದಾಗ ಪ್ಲಾಟ್‌ಫಾರ್ಮಿನ ಅಂಚಿಗೆ ಕೆಂಪಗೆ, ಹಳದಿಯಾಗಿ ಹೂವು ಕಾಣಬೇಕು. ಗ್ಯಾಂಗಿನ ಪಾಳಿ ಮುಗಿದ ಮೇಲೆ ಮುತ್ಯಾನ ಅಪ್ಪ ಆ ಗಿಡಗಳಿಗೆ ನೀರು ಹಾಕಬೇಕಿತ್ತು. ಬಾವಿ ಹತ್ತು ಹೆಜ್ಜೆಯ ಮೇಲೆ. ಆದರೆ ಅವನು ಹಗ್ಗ ಮುಟ್ಟುವಂತಿಲ್ಲ. ಇನ್ನೊಬ್ಬ ಸೇದಿ ಅವನ ಬಕೀಟಿಗೆ ಮೇಲಿನಿಂದ ಸುರಿಯುತ್ತಿದ್ದ, ಇವನು ಒಯ್ದು ಗಿಡಕ್ಕೆ ಹಾಕುತ್ತಿದ್ದ. "ಗಿಡ ನನ್ನ ಕೈ ನೀರು ಕುಡೀತಿದ್ದವು, ಮೈಲಿಗಿ ಆಗಲಿಲ್ಲ" ಎಂದು ಅವನು ನಗುತ್ತಿದ್ದನಂತೆ. ನಕ್ಕದ್ದು ಯಾಕೆ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಅದು ತಿಳಿದದ್ದು ಮನ್ಮಾಡಿನ ಪರಿಷತ್ತಿನ ಬಗ್ಗೆ ಓದಿದಾಗ. 1938ರ ಫೆಬ್ರವರಿ 12 ಮತ್ತು 13ರಂದು ಮನ್ಮಾಡಿನಲ್ಲಿ ಜಿ.ಐ.ಪಿ. ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಪರಿಷತ್ತು ನಡೆಯಿತು. ಅಧ್ಯಕ್ಷರು ಬಾಬಾಸಾಹೇಬರು. ದುಡಿಯುವವರಿಗೆ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂಬ ಎರಡು ವೈರಿಗಳಿವೆ ಎಂದದ್ದು ಅಲ್ಲಿಯೇ. ಆ ಮಾತು ನಮಗೆಲ್ಲ ಗೊತ್ತು, ಬ್ಯಾನರಿನ ಮೇಲೆ ಬರೆಸುತ್ತೇವೆ. ಅದೇ ಭಾಷಣದಲ್ಲಿ ಅವರು ಹೇಳಿದ ಇನ್ನೊಂದು ವಿಷಯ ಬ್ಯಾನರಿಗೆ ಬರಲಿಲ್ಲ. ನಮ್ಮವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾರೆ, ಪೋರ್ಟರ್ ಕೆಲಸ ಕೂಡ ಸಿಗುವುದಿಲ್ಲ ಎಂದರು. ಯಾಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕು, ಅಸ್ಪೃಶ್ಯನಾದರೆ ಒಳಗೆ ಬರುವಂತಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಒಂದು ಸಮಾಜದ ಬಡ್ತಿಯೇ ನಿಂತುಹೋಗುತ್ತದೆ. ಮನೆಯ ಒಳಗೆ ಬೇಡ, ಹೊರಗಿನ ಹೂವಿನ ಗಿಡಕ್ಕೆ ಅಡ್ಡಿಯಿಲ್ಲ. ಮುತ್ಯಾನ ಅಪ್ಪ ನಿಂತಿದ್ದು ಸರಿಯಾಗಿ ಆ ಗೆರೆಯ ಮೇಲೆ.

ಹಾಗಾದರೆ ರೈಲು ನಮಗೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ? ಕಾಲೇಜಿನಲ್ಲಿ ಈ ಪ್ರಶ್ನೆಗೆ ಎರಡು ಕಡೆಯ ಉತ್ತರ ಬರೆಸುತ್ತಾರೆ. ನಾನು ಒಂದು ಪ್ರಯಾಣ ಹೇಳುತ್ತೇನೆ. 1901. ಸಾತಾರೆಯಲ್ಲಿದ್ದ ಪುಟ್ಟ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ, ಬೇರೆ ಊರಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟ. ಹೊಸ ಅಂಗಿ, ಜರಿ ಟೊಪ್ಪಿಗೆ, ಮೊದಲ ರೈಲು ಪ್ರಯಾಣ. ಟಿಕೀಟು ತಗೊಂಡರು, ಗಾಡಿಯಲ್ಲಿ ಕೂತರು, ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಗಾಡಿಯೊಳಗೆ ಏನೂ ಆಗಲಿಲ್ಲ. ಕರೆಯಲು ಯಾರೂ ಬಂದಿರಲಿಲ್ಲ, ಸ್ಟೇಷನ್ ಮಾಸ್ತರರು ಪ್ರೀತಿಯಿಂದ ವಿಚಾರಿಸಿದರು. ಮಕ್ಕಳು ಮಹಾರರು ಎಂದು ತಿಳಿದದ್ದೇ ತಡ, ಮುಖದ ಕಳೆಯೇ ಬದಲಾಯಿತು. ಎತ್ತಿನ ಬಂಡಿಯವರು ಒಲ್ಲೆ ಎಂದರು. ಕೊನೆಗೆ ಒಬ್ಬ ಎರಡುಪಟ್ಟು ಬಾಡಿಗೆಗೆ ಒಪ್ಪಿದ. ಬಂಡಿ ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬುದು ಅವನ ಷರತ್ತು. ರಾತ್ರಿಯೆಲ್ಲ ನೀರಿಲ್ಲ, ಬುತ್ತಿ ಇದ್ದರೂ ಊಟವಿಲ್ಲ. ಬಾಬಾಸಾಹೇಬರು ಇದನ್ನು ಸ್ವತಃ ಬರೆದಿಟ್ಟಿದ್ದಾರೆ.

ಈ ಕಥೆಯಲ್ಲಿ ರೈಲಿನ ಡಬ್ಬಿಯನ್ನೂ ಪ್ಲಾಟ್‌ಫಾರ್ಮನ್ನೂ ಬೇರೆ ಬೇರೆ ಇಟ್ಟು ನೋಡಿ. ಅಮೆರಿಕದಲ್ಲಿ ಕರಿಯರಿಗೆ ಬೇರೆ ಡಬ್ಬಿ ಎಂದು ಕಾನೂನೇ ಇತ್ತು. 1892ರಲ್ಲಿ ಲೂಯಿಸಿಯಾನದಲ್ಲಿ ಹೋಮರ್ ಪ್ಲೆಸಿ ಬಿಳಿಯರ ಡಬ್ಬಿಯಲ್ಲಿ ಕೂತು ಜೈಲು ಕಂಡ, 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇರೆ ಡಬ್ಬಿ ಸರಿಯೇ ಎಂದಿತು. ನಮ್ಮಲ್ಲಿ ಜಾತಿಗೊಂದು ಡಬ್ಬಿ ಆಗಲಿಲ್ಲ. ಇಂಗ್ಲಿಷರ ದೊಡ್ಡ ಮನಸ್ಸಿನಿಂದಲ್ಲ, ಜಾತಿಗೊಂದು ಡಬ್ಬಿ ಜೋಡಿಸಿದರೆ ಕಂಪನಿಗೆ ಪರವಡುವುದಿಲ್ಲ! ಮೂರನೆಯ ದರ್ಜೆಯ ಹಲಗೆಯ ಮೇಲೆ ಎಲ್ಲರೂ ಒತ್ತಿಕೊಂಡು ಕೂತರು. ಆದರೆ ಸ್ಟೇಷನ್ನಿನಲ್ಲಿ ಹಿಂದೂ ಪಾನಿ, ಮುಸಲ್ಮಾನ್ ಪಾನಿ ಎಂದು ಎರಡು ಗಡಿಗೆ. ಟಿಕೀಟು ಇರುವಷ್ಟು ದೂರ ನೀನು ಮನುಷ್ಯ. ಇಳಿದ ಕೂಡಲೇ ಯಾವ ಕೇರಿ?

ಹೀಗಾಗಿ ಮುಂದಿನ ಜಗಳ ಇಳಿದ ಮೇಲಿನ ಜಾಗಗಳದ್ದು. ಇಲ್ಲಿ ಬಾಗು ಮತ್ತೆ ನಮ್ಮ ಕಥೆಗೆ ಬರುತ್ತದೆ. 1923ರ ಆಗಸ್ಟ್ 4ರಂದು ಮುಂಬಯಿ ಕಾಯ್ದೆ ಕೌನ್ಸಿಲಿನಲ್ಲಿ ಸೀತಾರಾಮ ಕೇಶವ ಬೋಲೆಯವರ ಠರಾವು ಪಾಸಾಯಿತು. ಸರ್ಕಾರಿ ಖರ್ಚಿನ ನೀರಿನ ಜಾಗ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಆ ಪಟ್ಟಿಯಲ್ಲಿ ಬಾಗು ಇಲ್ಲ. ನೀರೇ ಸಿಗದವನಿಗೆ ನೆರಳಿನ ಮಾತು ಎಲ್ಲಿಂದ ಬರಬೇಕು. 1927ರಲ್ಲಿ ಮಹಾಡ ಆಯಿತು. 1937ರಲ್ಲಿ ಬಾಬಾಸಾಹೇಬರು ನಮ್ಮ ಸೊಲ್ಲಾಪುರ–ಅಕ್ಕಲಕೋಟ ದಾರಿಯಲ್ಲಿರುವ ವಳಸಂಗಕ್ಕೇ ಬಂದು, ನಮ್ಮವರ ಬಾವಿಯ ನೀರನ್ನು ತಮ್ಮ ಕೈಯಾರೆ ಸೇದಿದರು. ಎಸ್.ಟಿ.ಯಲ್ಲಿ ವಳಸಂಗ ದಾಟುವಾಗ ಮೊಬೈಲಿನಿಂದ ಒಂದು ಸಲ ತಲೆ ಎತ್ತಿ ನೋಡಿ.

ಆಮೇಲೆ ಅವರೇ ಸಂವಿಧಾನ ಬರೆಯಲು ಕೂತಾಗ 15ನೆಯ ಕಲಮಿನ ಎರಡನೆಯ ಭಾಗದಲ್ಲಿ ಬಾವಿ, ಕೆರೆ, ಸ್ನಾನದ ಘಟ್ಟ, ರಸ್ತೆ ಎಲ್ಲ ಬಂತು. ಕೊನೆಗೆ, ಸರ್ಕಾರದ ಹಣದಿಂದ ನಡೆಯುವ, ಜನರು ಬಂದು ಸೇರುವ ಜಾಗಗಳು ಎಂದೂ ಬಂತು. ಬಾಗು ಎಂದರೆ ಅದೇ. ಅಂದರೆ ನೀವು ಹುತಾತ್ಮಾ ಬಾಗಿನ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಾಗ 15ನೆಯ ಕಲಮಿನ ಮೇಲೆ ಕೂತಿರುತ್ತೀರಿ. ಯಾರಾದರೂ ಬಂದು "ಯಾವ ಊರು, ಯಾರ ಮಂದಿ" ಎಂದು ಕೇಳಿದರೆ ಏನು ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು.

ಹೋದ ವರ್ಷ ಮುತ್ಯಾನನ್ನು ಪೆನ್ಶನ್ನಿನ ಕೆಲಸಕ್ಕೆ ಸೊಲ್ಲಾಪುರಕ್ಕೆ ಕರೆದುಕೊಂಡು ಬಂದಿದ್ದೆ. ಕೆಲಸ ಬೇಗ ಮುಗಿಯಿತು, ಬಾಗಿಗೆ ಕರೆದೊಯ್ದೆ. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ದುಡಿದವ, ಸೊಲ್ಲಾಪುರಕ್ಕೆ ಲೆಕ್ಕವಿಲ್ಲದಷ್ಟು ಸಲ ಬಂದವ, ಒಂದು ದಿನವೂ ಬಾಗಿನೊಳಗೆ ಕಾಲಿಟ್ಟಿರಲಿಲ್ಲ. ಯಾರೂ ತಡೆದಿರಲಿಲ್ಲ. "ಒಳಗ ಹೋಗಬೇಕಂತ ಅನ್ನಿಸೇ ಇರಲಿಲ್ಲಪಾ" ಎಂದ. ಬೆಂಚಿನ ತುದಿಗೆ ಕೂತ, ನಾನು ಹೇಳಿದ ಮೇಲೆ ಹಿಂದಕ್ಕೆ ಸರಿದು ಕೂತ. ಬೇಸಿಗೆಯ ಮಧ್ಯಾಹ್ನ ಹಳಿ ಕಾದು ಹಾವಿನಂತೆ ಡೊಂಕಾಗುತ್ತದೆ, ಆಗ ಕೀ, ಸುತ್ತಿಗೆ, ಕೆಂಪು–ಹಸಿರು ಝಂಡಾ ಹಿಡಿದು ಬೀಟು ತಿರುಗಬೇಕು, ಸೊಲ್ಲಾಪುರದ ಬಿಸಿಲು ಕೆಳಗಿನ ಖಡಿಯಿಂದಲೂ ಮೇಲೆ ಬರುತ್ತದೆ ಎಂದು ಹೇಳುತ್ತಾ ಹೋದ. ನಾನು ಬಾಗಿನ ಹೆಸರಿನ ಅರ್ಥ ಹೇಳಿ, ಪುಣೆಯ ಗಾಡಿಗೂ ಇದೇ ಹೆಸರು ಎಂದೆ.

"ಗೊತ್ತೈತಿ" ಎಂದ. "ಹೆಸರಿಡಬೇಕಾದ್ದೇ. ನಮಗ ಹೆಸರಿರಲಿಲ್ಲ, ಗ್ಯಾಂಗ್ ನಂಬರ್ ಇತ್ತು." ಸ್ವಲ್ಪ ತಡೆದು ತನ್ನ ಗ್ಯಾಂಗಿನವರ ಹೆಸರು ಹೇಳತೊಡಗಿದ. ಮುಕಾದಮನಿಂದ ಶುರು ಮಾಡಿ ಒಬ್ಬೊಬ್ಬರಾಗಿ, ಯಾರು ಯಾವ ಊರವರು, ಯಾರು ಗಾಡಿಗೆ ಸಿಕ್ಕು ಸತ್ತರು, ಯಾರ ಮಗ ಈಗ ಟ್ರ್ಯಾಕ್‌ಮನ್. ಹನ್ನೊಂದು ಹೆಸರು ಬಂತು. ಹನ್ನೆರಡನೆಯದು ನೆನಪಾಗಲಿಲ್ಲ. ಕಾಲೇಜಿನ ನೋಟಬುಕ್ಕಿನ ಹಿಂದಿನ ಪುಟದಲ್ಲಿ ಹನ್ನೊಂದನ್ನೂ ಬರೆದುಕೊಂಡೆ, ಒಂದು ಸಾಲು ಖಾಲಿ ಬಿಟ್ಟೆ. ಅದು ಈಗಲೂ ಖಾಲಿಯೇ ಇದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು. ಗ್ಯಾಂಗಿನವರು, ಖಲಾಸಿ, ಕಲ್ಲಿದ್ದಲು ಹೊತ್ತವರು, ಗಿರಣಿಯವರು. ಟ್ರಂಕಿನ ತಳದಲ್ಲಿ ಹಳೆಯ ಪಾಸು, ಹಿತ್ತಾಳೆಯ ಬಿಲ್ಲೆ, ಪಗಾರದ ಚೀಟಿ, ಗುಂಪಿನ ಫೋಟೊ ಏನಿದ್ದರೂ ಸರಿ, ಏನೂ ಇಲ್ಲದಿದ್ದರೆ ಬಾಯಲ್ಲಿ ಉಳಿದ ಹೆಸರಾದರೂ ಸರಿ. ಸಂಚಿಕೆ ಹೊರಬಂದ ಮುಂದಿನ ಐತವಾರ ಸಂಜೆ ಐದಕ್ಕೆ ನಾನು ಆ ನೋಟಬುಕ್ಕು ಹಿಡಿದು ಹುತಾತ್ಮಾ ಬಾಗಿನಲ್ಲಿ ಕೂತಿರುತ್ತೇನೆ. ಮುತ್ಯಾನನ್ನೂ ಕರೆತರುತ್ತೇನೆ. ಹಿರಿಯರನ್ನು ಕರೆದುಕೊಂಡು ಬನ್ನಿ, ಶೇಂಗಾ ನನ್ನ ಕಡೆಯಿಂದ.